ಮಿಕ್ಸಿ ಕಪ್ಲರ್ ಪದೇ ಪದೇ ಮುರಿಯುತ್ತಿದೆ: ಅಂಗಡಿಯವರ ಮೋಸವಾ, ಜಾರ್ ತೊಂದರೆಯಾ?

ಪ್ರಶ್ನೆ: ಗುಂಪಿನಲ್ಲಿರುವ ಮಿಕ್ಸಿ ರಿಪೇರಿಯವರು ದಯವಿಟ್ಟು ಹೇಳಿ. 750 ವ್ಯಾಟ್ ಮಿಕ್ಸಿ, ಮೂರು ಜಾರ್. ಐದು ತಿಂಗಳಲ್ಲಿ ಮೂರು ಸಲ ಕಪ್ಲರ್ (ಮೋಟಾರಿನ ಮೇಲೆ ಜಾರ್ ಕೂರುವ ಹಲ್ಲಿನ ಚಕ್ರ) ಹೋಯಿತು. ಮೂರೂ ಸಲ ಮನೆ ಹತ್ತಿರದ ಅಂಗಡಿಯಲ್ಲೇ ಹಾಕಿಸಿದ್ದು, ಹತ್ತು ನಿಮಿಷದ ಕೆಲಸ, ಪ್ರತಿ ಸಲ 120 ರೂಪಾಯಿ. ಈಗ ಮತ್ತೆ ಮುರಿದಿದೆ. ಬೇರೆ ಅಂಗಡಿಗೆ ಒಯ್ದರೆ ‘ಜಾರ್ ತಂದಿಲ್ವಾ? ಜಾರ್ ನೋಡದೆ ಹಾಕಲ್ಲ’ ಅಂದರು. ಮೊದಲಿನವರು ಮೋಸ ಮಾಡಿದರಾ, ಇಲ್ಲ ಇವರು ಬಿಲ್ ಏರಿಸುತ್ತಿದ್ದಾರಾ?

ಉತ್ತರ: ಅಕ್ಕಾ, ಎರಡನೇ ಅಂಗಡಿಯವರು ಕೇಳಿದ್ದೇ ಸರಿ. ಜಾರ್ ಕೇಳುವ ಅಂಗಡಿ ಸಿಕ್ಕರೆ ಬಿಡಬೇಡಿ.

ಕಪ್ಲರ್ ಬೇಕಂತಲೇ ಮೆತ್ತಗಿನ ವಸ್ತುವಿನಲ್ಲಿ ಮಾಡಿರುತ್ತಾರೆ. ಜಾರ್ ಬಿಗಿಯಾದಾಗ ಮೊದಲು ಅದು ಮುರಿಯಬೇಕು, ಮೋಟಾರ್ ಉಳಿಯಬೇಕು. ಹಾಗಾಗಿ ‘ಮುರಿಯದಂಥ ಗಟ್ಟಿ ಕಪ್ಲರ್ ಹಾಕಿ’ ಅಂತ ಯಾವತ್ತೂ ಕೇಳಬೇಡಿ. ಕಪ್ಲರ್ ಉಳಿದೀತು, ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಸುಟ್ಟೀತು.

ಐದು ತಿಂಗಳಲ್ಲಿ ಮೂರು ಸಲ ಅಂದರೆ ಹೆಚ್ಚಾಗಿ ಕಾರಣ ಎರಡರಲ್ಲಿ ಒಂದು. ಒಂದು, ಜಾರ್ ತಳದ ಬುಷ್. ಬ್ಲೇಡಿನ ಶಾಫ್ಟ್ ತಿರುಗುವುದು ಈ ಲೋಹದ ಬುಷ್ಷಿನೊಳಗೆ. ಹುಣಸೆರಸ, ಉಪ್ಪು, ತೆಂಗಿನಕಾಯಿ ಜಿಗುಟು ಅದರೊಳಗೆ ಇಳಿದು ಒಣಗಿದರೆ ಶಾಫ್ಟ್ ಹಿಡಿದುಕೊಳ್ಳುತ್ತದೆ. ಇಷ್ಟು ವೇಗದ ಮೋಟಾರ್ ಎಳೆಯುವಾಗ ಆ ಹಿಡಿತದ ಹೊಡೆತವೆಲ್ಲ ಕಪ್ಲರ್ ಹಲ್ಲಿನ ಮೇಲೆ. ಎರಡು, ಮೋಟಾರ್ ಮೇಲಿನ ಕಪ್ಲರ್ ಮಾತ್ರ ಹೊಸದು, ಜಾರ್ ತಳದ್ದು ಹಳೆಯದು. ಸವೆದ ಹಲ್ಲು ಹೊಸ ಹಲ್ಲಿಗೆ ಪೂರ್ತಿ ಕೂರುವುದಿಲ್ಲ, ತುದಿಯಲ್ಲಷ್ಟೇ ಹಿಡಿದು ಕೆಲವೇ ದಿನದಲ್ಲಿ ಕೆತ್ತಿಹಾಕುತ್ತದೆ. ಮೇಲಿನದು, ಕೆಳಗಿನದು ಎರಡೂ ಜೋಡಿಯಾಗಿ ಬದಲಾಗಬೇಕು.

ಮನೆಯಲ್ಲೇ ನೋಡಿ. ಪ್ಲಗ್ ತೆಗೆದಿಡಿ. ಜಾರ್ ಮಗುಚಿ ತಳದ ಕಪ್ಲರನ್ನು ಬೆರಳಿನಿಂದ ತಿರುಗಿಸಿ, ಸಲೀಸಾಗಿ ತಿರುಗಬೇಕು. ಬಿಗಿ ಇದ್ದರೆ ಬಿಸಿ ನೀರು ಹಾಕಿ ಕಾಲು ಗಂಟೆ ಬಿಟ್ಟು ಮತ್ತೆ ಕೈಯಲ್ಲೇ ಆಡಿಸಿ, ಮೋಟಾರ್ ಮೇಲಿಟ್ಟು ಬಿಡಿಸಲು ಹೋಗಬೇಡಿ. ಆಮೇಲೆ ಅದೇ ಕಪ್ಲರ್ ಹಿಡಿದು ಅತ್ತಿತ್ತ ಅಲ್ಲಾಡಿಸಿ. ಟಕಟಕ ಅಂದರೆ ಬುಷ್ ಸವೆದಿದೆ. ಕೊನೆಗೆ ಒಂದು ಲೋಟ ನೀರು ಹಾಕಿ ಒಣ ನ್ಯೂಸ್‌ಪೇಪರ್ ಮೇಲೆ 15 ನಿಮಿಷ ಇಡಿ. ಪೇಪರ್ ಒದ್ದೆಯಾದರೆ ಆ ಜಾರನ್ನು ರಿಪೇರಿ ಆಗುವವರೆಗೆ ಬಳಸಲೇಬೇಡಿ. ಸೋರಿದ ನೀರು ನೇರ ಮೋಟಾರಿನ ಮೇಲ್ಬೇರಿಂಗಿಗೆ ಇಳಿದು ತುಕ್ಕು ಹಿಡಿಸುತ್ತದೆ, ಮುಂದಿನ ಖರ್ಚು ಮೋಟಾರಿನದೇ.

ಮೊದಲಿನವರದು ಮೋಸ ಅನ್ನಲಾರೆ, ಅರ್ಧ ಕೆಲಸ ಅನ್ನುತ್ತೇನೆ. ಮೊದಲ ಸಲ ಜಾರ್ ಕೇಳದಿದ್ದರೆ ಹೋಗಲಿ, ಮೂರನೇ ಸಲವೂ ಕೇಳದಿರುವುದು ತಪ್ಪೇ.

ಇನ್ನೊಬ್ಬ ಸದಸ್ಯರು: ಅಣ್ಣ, ಕಪ್ಲರ್ ನಾವೇ ಬಿಚ್ಚಬಹುದಾ? ಎಷ್ಟು ಬಲ ಹಾಕಿದರೂ ಬರುತ್ತಿಲ್ಲ.

ಉತ್ತರ: ನೀವು ಉಲ್ಟಾ ಕಡೆಗೆ ತಿರುಗಿಸುತ್ತಿದ್ದೀರಿ ಅನ್ನಿಸುತ್ತದೆ. ಮೋಟಾರ್ ಯಾವ ಕಡೆ ತಿರುಗುತ್ತದೋ ಆ ಕಡೆಗೇ ತಿರುಗಿಸಿದರೆ ಕಪ್ಲರ್ ಬಿಚ್ಚುತ್ತದೆ, ಓಡುವಾಗ ತಾನಾಗಿ ಬಿಗಿಯಾಗಲಿ ಅಂತ ಮರೆ (ಸ್ಕ್ರೂ ಗೆರೆ) ಹಾಗೆ ಕೊಟ್ಟಿರುತ್ತಾರೆ. ಶಾಫ್ಟ್ ಜೊತೆಗೇ ಸುತ್ತದಂತೆ ಕೆಳಗಿನಿಂದ ಅದನ್ನು ಹಿಡಿದಿರಬೇಕು. ಹಳೆ ಕಪ್ಲರ್ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಹಲ್ಲಿನ ಲೆಕ್ಕ, ಎತ್ತರ, ಮರೆ ಮೂರೂ ಒಂದೇ ಇರಬೇಕು, ಎತ್ತರ ಸ್ವಲ್ಪ ಕಡಿಮೆಯಾದರೂ ಹಲ್ಲು ಅರ್ಧವೇ ಕೂರುತ್ತದೆ.

ಮತ್ತೊಬ್ಬರು: ನಮ್ಮ ಮಿಕ್ಸಿ ಮೋಟಾರ್ ಸುಟ್ಟಿತ್ತು. ವೈಂಡಿಂಗ್ (ಒಳಗಿನ ತಂತಿ ಹೊಸದಾಗಿ ಸುತ್ತುವುದು) ಮಾಡಿಸಿ ತಂದ ಮೇಲೆ ಶಕ್ತಿಯೇ ಇಲ್ಲ, ಎರಡು ನಿಮಿಷಕ್ಕೆ ಬಿಸಿ. ಅಲ್ಯುಮಿನಿಯಂ ತಂತಿ ಸುತ್ತಿದ್ದಾರೆ ಅಂತ ಅನುಮಾನ.

ಉತ್ತರ: ಅನುಮಾನ ಪರಿಹಾರ ಸುಲಭ ಸರ್. ಅಂಗಡಿಯವರ ಎದುರಿಗೇ ಬಿಚ್ಚಿಸಿ, ತಂತಿಯ ತುದಿಯನ್ನು ಅವರ ಕೈಯಲ್ಲೇ ಸ್ವಲ್ಪ ಕೆರೆಸಿ ನೋಡಿ. ಮೇಲಿನ ವಾರ್ನಿಷ್ ಎರಡಕ್ಕೂ ಒಂದೇ ಬಣ್ಣ ಇರಬಹುದು, ಒಳಗೆ ತಾಮ್ರವಾದರೆ ಕೆಂಪು, ಅಲ್ಯುಮಿನಿಯಂ ಆದರೆ ಬಿಳಿ. ಅದೇ ದಪ್ಪದ ಅಲ್ಯುಮಿನಿಯಂ ತಂತಿ ತಾಮ್ರಕ್ಕಿಂತ ಹೆಚ್ಚು ಬಿಸಿಯಾಗುತ್ತದೆ.

ತಂತಿ ತಾಮ್ರದ್ದೇ ಆಗಿದ್ದರೆ ಕಾರ್ಬನ್ ಬ್ರಷ್ (ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಎರಡು ಇದ್ದಿಲ ತುಂಡು) ನೋಡಿಸಿ. ಎರಡೂ ಒಟ್ಟಿಗೆ ಬದಲಾಗಿರಬೇಕು, ಒಂದೇ ಹಾಕಿದರೆ ಕಿಡಿ ಬರುತ್ತದೆ. ಬ್ರಷ್ ಉಜ್ಜುವ ತಾಮ್ರದ ಸುತ್ತು, ಅಂದರೆ ಕಮ್ಯುಟೇಟರ್ ಮೇಲೆ ಕಪ್ಪು ಗೆರೆ ಉಳಿದಿದ್ದರೂ ಹಾಗೇ. ಹೊಸ ವೈಂಡಿಂಗ್ ಮೊದಲ ದಿನಗಳಲ್ಲಿ ವಾರ್ನಿಷ್ ವಾಸನೆ ಬರುವುದು ಸಹಜ, ಶಕ್ತಿ ಕಡಿಮೆಯಾಗುವುದು ಸಹಜವಲ್ಲ.

ಅದೇ ಸದಸ್ಯರು: ಒಪ್ಪದಿದ್ದರೆ? ಬಿಲ್ ಕೊಟ್ಟಿಲ್ಲ, ಹಳೆ ಆರ್ಮೇಚರೂ ಕೊಟ್ಟಿಲ್ಲ.

ಉತ್ತರ: ಮೊದಲು ಜಗಳವಿಲ್ಲದೆ ಮತ್ತೊಮ್ಮೆ ನೋಡಿಕೊಡಲು ಕೇಳಿ. ತಮ್ಮ ಕೆಲಸದ ಮೇಲೆ ಹೆಮ್ಮೆ ಇರುವವರು ಇಲ್ಲ ಅನ್ನುವುದಿಲ್ಲ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದುಡ್ಡು ಕೊಟ್ಟು ಮಾಡಿಸಿದ ರಿಪೇರಿಯೂ ಸೇವೆಯೇ. ಯುಪಿಐಯಲ್ಲಿ ಕೊಟ್ಟಿದ್ದರೆ ಅದರ ದಾಖಲೆ ತೆಗೆದಿಡಿ.

ಮುಂದಿನ ಸಲ ಕೊಡುವಾಗಲೇ ಒಂದು ಚೀಟಿ ಬರೆಸಿಕೊಳ್ಳಿ: ತೊಂದರೆ ಏನು, ಯಾವ ಬಿಡಿಭಾಗ, ತಾಮ್ರವೋ ಅಲ್ಯುಮಿನಿಯಮ್ಮೋ, ಎಷ್ಟು ದಿನದ ಗ್ಯಾರಂಟಿ. ‘ಹಳೆ ಭಾಗ ವಾಪಸ್ ಬೇಕು’ ಅಂತಲೂ ಅಲ್ಲೇ ಸೇರಿಸಿ. ಕೆಲಸ ಮುಗಿದ ಮೇಲೆ ಕೇಳಿದರೆ ಗುಜರಿಗೆ ಹೋಯಿತು ಅನ್ನುವ ಉತ್ತರವೇ ಸಿಗುತ್ತದೆ. ಹಾಗೆಯೇ ಒಪ್ಪಿದ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ ಸರ್. ಕೂಲಿ ಕಿತ್ತುಕೊಂಡರೆ ಆ ದುಡ್ಡು ಬಿಡಿಭಾಗದ ಗುಣಮಟ್ಟದಲ್ಲಿ ಕಡಿಮೆಯಾಗುತ್ತದೆ.

ಮೊದಲು ಕೇಳಿದವರು: ಪೇಪರ್ ಪರೀಕ್ಷೆ ಮಾಡಿದೆ ಅಣ್ಣ. ಚಟ್ನಿ ಜಾರ್ ಕೆಳಗೆ ಒದ್ದೆ, ಅಲ್ಲಾಡಿಸಿದರೆ ಟಕಟಕ ಅನ್ನುತ್ತೆ. ಉಳಿದೆರಡು ಸರಿ ಇವೆ. ಕಲ್ಲುಪ್ಪು ಹಾಕಿ ಓಡಿಸಿದರೆ ಬ್ಲೇಡ್ ಹರಿತ ಆಗುತ್ತೆ ಅಂತ ವಾರವಾರ ಮಾಡುತ್ತಿದ್ದೆ, ಅದರಿಂದಲಾ?

ಉತ್ತರ: ಅದರ ಪಾಲೂ ಇರುತ್ತದೆ ಅಕ್ಕಾ. ಉಪ್ಪು ಬುಷ್ಷಿಗಿಳಿದರೆ ತುಕ್ಕು, ಸವೆತ ಎರಡೂ. ಇವತ್ತೇ ನಿಲ್ಲಿಸಿ. ಚಟ್ನಿ ಜಾರ್‌ಗೆ ಬ್ಲೇಡ್, ಬುಷ್, ತಳದ ಕಪ್ಲರ್, ವಾಷರ್ ಇರುವ ಪೂರ್ತಿ ಸೆಟ್ ಹಾಕಿಸಿ, ಮೋಟಾರ್ ಮೇಲೆ ಹೊಸ ಕಪ್ಲರ್. ಎರಡನೇ ಅಂಗಡಿಗೆ ಮೂರೂ ಜಾರ್ ಒಯ್ಯಿರಿ. ಉಳಿದೆರಡರ ತಳದ ಹಲ್ಲು ಸವೆದಿದ್ದರೆ ಹೊಸ ಕಪ್ಲರನ್ನು ಅವೇ ಕೆತ್ತುತ್ತವೆ.