ಆಶ್ರಮಕ್ಕೆ ನಮ್ಮ ಸಂಘದಿಂದ ಏನು ಕೊಡೋದು? ಅನುಭವ ಇದ್ದೋರು ಹೇಳಿ

ಸಿವಿಲ್ ಎಂಜಿನಿಯರ್, ಚಿಕ್ಕಬಳ್ಳಾಪುರ: ನಮ್ಮ ಎಂಜಿನಿಯರುಗಳ ಸಂಘದಲ್ಲಿ ಮೂರು ಲಕ್ಷ ಕೂಡಿದೆ. ಊರ ಪಕ್ಕದ ಮಕ್ಕಳ ಆಶ್ರಮದ ಬೆನ್ನಿಗೆ ವರ್ಷವರ್ಷವೂ ನಿಲ್ಲಬೇಕು ಅಂತ ಆಸೆ. ಕುಡಿಯೋ ನೀರಿಗೆ ಆರ್‌ಓ ಘಟಕ ಹಾಕಿಸೋಣ ಅಂತ ಕೆಲವರು, ದುಡ್ಡೇ ಕೊಟ್ಟುಬಿಡೋಣ ಅಂತ ಕೆಲವರು. ನಿಮ್ಮ ಸಂಘಗಳಲ್ಲಿ ಏನು ಮಾಡಿದ್ರಿ?

ವಕೀಲ, ಕೋಲಾರ: ಆರ್‌ಓ ಮಾತೇ ಎತ್ತಬೇಡಿ ಸಾರ್. ನಮ್ಮ ವಕೀಲರ ಬಳಗ ವೃದ್ಧಾಶ್ರಮಕ್ಕೆ ಗಂಟೆಗೆ 500 ಲೀಟರಿನದು ಹಾಕಿಸ್ತು. 1,62,000 ರೂಪಾಯಿ, ಶೆಡ್ಡಿಗೆ 38,000 ಬೇರೆ. ನಮ್ಮ ಬೋರ್‌ವೆಲ್ ನೀರು ಗೊತ್ತಲ್ಲ, ಫ್ಲೋರೈಡೂ ಇದೆ, ಗಡಸೂ ಇದೆ. ವರ್ಷ ತುಂಬೋದ್ರೊಳಗೆ ನೀರು ಸೋಸೋ ಪೊರೆ, ಅಂದ್ರೆ ಮೆಂಬ್ರೇನ್, ಕಟ್ಟಿಕೊಂಡ್ತು, ಎರಡಕ್ಕೆ 27,000. ಆಮೇಲೆ ಪಂಪಿನ ಸೀಲು, 4,200. ಸುಣ್ಣ ಕಟ್ಟದ ಹಾಗೆ ಬಿಡೋ ಕೆಮಿಕಲ್ಲು ಕ್ಯಾನಿಗೆ 3,500. ಅದನ್ನ ತಿಂಗಳು ತಿಂಗಳು ಹಾಕಿಕೊಡ್ತೀವಿ ಅಂತ ಬಾಯಲ್ಲಿ ಹೇಳಿದ ಕಂಪನಿಯವನು ಈಗ ಫೋನೇ ಎತ್ತಲ್ಲ. ಗೋಡೆ ಮೇಲೆ ನಮ್ಮ ಸಂಘದ ಹೆಸರಿನ ಗ್ರಾನೈಟ್ ಕಲ್ಲಿದೆ, ಅಜ್ಜಿಯರು ಕ್ಯಾನ್ ನೀರು ಕುಡೀತಿದ್ದಾರೆ. ಆ ರಸ್ತೆಯಲ್ಲಿ ಹೋದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಆಡಿಟರ್, ತುಮಕೂರು: ಅದಕ್ಕೇ ನಾವು ವಸ್ತು ಕೊಡೋ ಗೋಜಿಗೆ ಹೋಗಲಿಲ್ಲ. ಸಿದ್ಧಗಂಗೆಯ ದಾಸೋಹ ಕಂಡು ಬೆಳೆದ ಊರು ನಮ್ದು, ಅನ್ನ ಹಾಕೋಕೆ ಜನ ಮುಗಿಬೀಳ್ತಾರೆ. ನಾವು ನೋಡ್ಕೊಳ್ಳೋ ಮಕ್ಕಳ ಆಶ್ರಮಕ್ಕೆ ಹುಟ್ಟುಹಬ್ಬ, ತಿಥಿ ಅಂತ ಒಂದೇ ದಿನ ಮೂರು ಮನೆಯವರ ಹೋಳಿಗೆ ಊಟ ಬಂದು ಕೂತಿರುತ್ತೆ. ಗ್ಯಾಸಿಗೆ, ಕರೆಂಟ್ ಬಿಲ್ಲಿಗೆ, ರಾತ್ರಿ ಮಕ್ಕಳ ಜೊತೆ ಮಲಗೋ ಆಯಾ ಸಂಬಳಕ್ಕೆ ಒಬ್ಬರೂ ಇಲ್ಲ. ಅಡುಗೆಯವರು, ಆಯಾ ಇಬ್ಬರ ಸಂಬಳ ತಿಂಗಳಿಗೆ 26,000, ಅದನ್ನ ನಾವು ಹೊತ್ಕೊಂಡ್ವಿ. ಐದನೇ ತಾರೀಕು ದಾಟಿಲ್ಲ ಇವತ್ತಿನವರೆಗೆ. 2,000ಕ್ಕಿಂತ ಮೇಲೆ ನಗದು ಕೊಟ್ರೆ ದೇಣಿಗೆಯ ತೆರಿಗೆ ವಿನಾಯಿತಿ ಇಲ್ಲ, ವಸ್ತುವಿಗಂತೂ ಇಲ್ವೇ ಇಲ್ಲ, ಹೊಸ ತೆರಿಗೆ ಪದ್ಧತಿಗೆ ಹೋದ ಸದಸ್ಯರಿಗೆ ಏನು ಕೊಟ್ರೂ ಸಿಗಲ್ಲ. ಆ ಆಶ್ರಮದವರು ದಾನಿಗಳ ವಿವರ ಕೊಡೋ 10ಬಿಡಿ ಫಾರಂ ಮೇ 31ರೊಳಗೆ ತೆರಿಗೆ ಇಲಾಖೆಗೆ ಹಾಕದೆ ದಿನಕ್ಕೆ 200ರಂತೆ ದಂಡ ಏರ್ತಾ ಇತ್ತು. ನಾವೇ ಕೂತು ಸರಿ ಮಾಡಿದ್ವಿ, ಒಂದು ಪೈಸೆ ಫೀಸು ಮುಟ್ಟಲಿಲ್ಲ.

ವಕೀಲ, ಕೋಲಾರ: ಮಕ್ಕಳಿಗೆ ಫ್ಲೋರೈಡ್ ನೀರು ಕುಡಿಸಿ ಲೆಕ್ಕ ಮಾತ್ರ ಚೊಕ್ಕ ಇಟ್ರೆ ಸಾಕಾ ಆಡಿಟರ್ ಸಾರ್? ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯೋಕೆ ಆಗಲ್ಲ ಅಂತ ಮಾನಕವೇ ಹೇಳುತ್ತೆ. ಫ್ಲೋರೈಡ್ ನೀರಿಗೆ ಹೆಸರಾದ ಪಾವಗಡ ನಿಮ್ಮ ಜಿಲ್ಲೆಯದೇ ಅಲ್ವಾ?

ಆಡಿಟರ್, ತುಮಕೂರು: ಪಾವಗಡದ ವಿಷಯ ನಮಗೆ ಹೇಳಿಕೊಡಬೇಡಿ. ಎರಡು ಲಕ್ಷ ಸುರಿದು ಕ್ಯಾನ್ ನೀರಿಗೆ ಬಂದು ನಿಂತವರು ನೀವು.

ದಂತವೈದ್ಯೆ, ಚಿಂತಾಮಣಿ: ಫ್ಲೋರೈಡ್ ನೀರು ಕುಡಿದು ಕೆಟ್ಟ ಹಲ್ಲು ನಾನು ದಿನಾ ನೋಡ್ತೀನಿ. ಆಶ್ರಮದ ಮಕ್ಕಳಿಗೆ ನಮ್ಮ ಸಂಘ ಮಾಡಿದ ಶಿಬಿರಕ್ಕೆ ಬಂದಿದ್ದ ಒಂದು ಹುಡುಗಿ ನಗು ಬಂದಾಗಲೆಲ್ಲ ಲಂಗದ ಅಂಚು ಎತ್ತಿ ಬಾಯಿಗೆ ಹಿಡೀತಿತ್ತು. ಕಂದುಗಟ್ಟಿದ ಮುಂದಿನ ನಾಲ್ಕು ಹಲ್ಲಿಗೆ ಬಣ್ಣ ತುಂಬಿ ಕಳಿಸಿದ್ದೀನಿ, ಸಾಮಾನಿಗೆ 6,000 ನನ್ನ ಕೈಯಿಂದ. ಅದೇ ದಿನ ನಮ್ಮ ಸಂಘದ ಹಿರಿಯರೊಬ್ಬರು ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿ ಗ್ರೂಪಿಗೆ ಹಾಕೋಕೆ ಹೊರಟ್ರು. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಪ್ರಕಾರ ಇಂಥ ಮಕ್ಕಳ ಗುರುತು ಪ್ರಕಟಿಸಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅದನ್ನ ಹೇಳಿದ್ದಕ್ಕೆ ಅವರು ಸಂಘ ಬಿಟ್ಟರು. ಬಿಟ್ಟಿದ್ದು ಒಳ್ಳೇದೇ ಆಯ್ತು.

ಮೆಡಿಕಲ್ ಸ್ಟೋರ್, ಗೌರಿಬಿದನೂರು: ಫೋಟೋ ಒಂದು ಕಡೆ ಇರ್ಲಿ ಮೇಡಂ, ಡಾಕ್ಟರುಗಳು ಚೀಲದಲ್ಲಿ ತಂದು ಸುರಿಯೋ ಸ್ಯಾಂಪಲ್ ಮಾತ್ರೆ ಬಗ್ಗೆ ಯಾಕೆ ಯಾರೂ ಮಾತಾಡಲ್ಲ? ನಮ್ಮ ಔಷಧಿ ವ್ಯಾಪಾರಿಗಳು ಒಂದು ವೃದ್ಧಾಶ್ರಮದ ಬೀರು ತೆಗೆದು ನೋಡಿದ್ವಿ. ಅರ್ಧಕ್ಕರ್ಧ ಎಕ್ಸ್‌ಪೈರಿ, ಉಳಿದದ್ದರಲ್ಲಿ ನಾಲ್ಕು ನಾಲ್ಕು ಮಾತ್ರೆಯ ಪಟ್ಟಿ. ಬಿಪಿ ಇರೋ ಅಜ್ಜನಿಗೆ ಈ ವಾರ ಒಂದು, ಮುಂದಿನ ವಾರ ಇನ್ನೊಂದು. ಈಗ ಒಬ್ಬೊಬ್ಬರ ಹೆಸರು ಬರೆದ ಡಬ್ಬಿಗೆ ತಿಂಗಳ ಮಾತ್ರೆ ತುಂಬಿಕೊಡ್ತೀವಿ, ನಮಗೆ ಬೀಳೋ ಬೆಲೆಯಲ್ಲಿ ಸುಮಾರು 11,000.

ದಂತವೈದ್ಯೆ, ಚಿಂತಾಮಣಿ: ನಾನು ಸ್ಯಾಂಪಲ್ ಕೊಟ್ಟವಳಲ್ಲ. ಎಲ್ಲರನ್ನೂ ಸೇರಿಸಿ ಬೈಯಬೇಡಿ.

ಆಡಿಟರ್, ತುಮಕೂರು: ವಕೀಲ್ರೇ, ಬೆಂಗಳೂರಿಂದ ಬರೋ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಕೋಲಾರದ ಕೆರೆಗೆ ಹರೀತಾ ಇದೆ. ಇನ್ನೂ ನೀರು ಸರಿಯಿಲ್ಲ ಅಂತ ಅಳೋದು ಯಾಕೆ?

ವಕೀಲ, ಕೋಲಾರ: ಬೆಂಗಳೂರಿನ ಕೊಳಚೆಯನ್ನ ಎರಡೇ ಹಂತ ಶುದ್ಧ ಮಾಡಿ ಬಿಟ್ಟ ನೀರು ಅದು. ಮೂರನೇ ಹಂತ ಮಾಡಿ ಅಂತ ಕೇಳಿ ಕೇಳಿ ಸಾಕಾಗಿದೆ. ನಿಮ್ಮೂರ ಕೆರೆಗೆ ಬಿಡ್ಲಿ, ಆಮೇಲೆ ಮಾತಾಡಿ.

ಮೆಡಿಕಲ್ ಸ್ಟೋರ್, ಗೌರಿಬಿದನೂರು: ಕೋಲಾರದ ಹತ್ತಿರ ನಮ್ಮ ಮಾವನ ತೋಟದಲ್ಲಿ ಬತ್ತಿದ್ದ ಬೋರ್‌ವೆಲ್‌ಗೆ ಮತ್ತೆ ನೀರು ಬಂದಿದೆ ವಕೀಲ್ರೇ. ಅದಕ್ಕೇನಂತೀರಿ?

ವಕೀಲ, ಕೋಲಾರ: ಬಂದಿರಬಹುದು. ಆ ನೀರು ನಿಮ್ಮ ಮಾವ ಕುಡೀತಾರಾ, ತೋಟಕ್ಕೆ ಬಿಡ್ತಾರಾ? ಅದನ್ನ ಮೊದಲು ಹೇಳಿ.