ಎಡಕ್ಕೆ ಆಳ, ಬಲಕ್ಕೆ ಬರೀ ಗೀರು: ಸಿಎನ್‌ಸಿ ಕೆತ್ತನೆ ಸಮನಾಗಿ ಬರುತ್ತಿಲ್ಲ

ಪ್ರಶ್ನೆ (ರಾಜಾಜಿನಗರದಿಂದ)

ನಮಸ್ಕಾರ. ನನ್ನದು 3018 ಮಾದರಿಯ ಚಿಕ್ಕ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಆಜ್ಞೆಯಂತೆ ಮರ ಕೆತ್ತುವ ಯಂತ್ರ. ನಡೆಸುವುದು ಜಿಆರ್‌ಬಿಎಲ್ ಬೋರ್ಡು, ಆಜ್ಞೆ ಕಳುಹಿಸಲು ಕ್ಯಾಂಡಲ್ ತಂತ್ರಾಂಶ. ಮನೆಯ ಬಾಲ್ಕನಿಯಲ್ಲಿ ಇಟ್ಟುಕೊಂಡಿದ್ದೇನೆ. ಅಕ್ಕನ ಗೃಹಪ್ರವೇಶಕ್ಕೆ ‘ಶ್ರೀನಿಲಯ’ ಎಂಬ ಫಲಕ ಕೆತ್ತುತ್ತಿದ್ದೇನೆ: ತೇಗದ ಹಲಗೆ, 250 ಮಿ.ಮೀ. ಉದ್ದ, 60 ಡಿಗ್ರಿ ವಿ-ಬಿಟ್ (ವಿ ಆಕಾರದ ಮೊನೆಯ ಅಲಗು), ಆಳ 1 ಮಿ.ಮೀ. ‘ಶ್ರೀ’ ತುಂಬಿಕೊಂಡು ಬರುತ್ತದೆ. ‘ಯ’ ತಲುಪುವ ಹೊತ್ತಿಗೆ ಮೊಳೆಯಿಂದ ಗೀಚಿದಂತೆ ಕಾಣುತ್ತದೆ. ವರ್ನಿಯರ್‌ನಲ್ಲಿ ಅಳೆದರೆ ಎಡಗಡೆಯ ಗೆರೆಯ ಅಗಲ 1.1, ಬಲಗಡೆಯದು 0.7. ಝಡ್ (ಮೇಲೆ-ಕೆಳಗಿನ ಚಲನೆ) ಸೊನ್ನೆಯನ್ನು, ಅಂದರೆ ಬಿಟ್ ಹಲಗೆಯ ಮೈಗೆ ತಾಗುವ ಎತ್ತರವನ್ನು, ಎಡಮೂಲೆಯಲ್ಲಿ ಕಾಗದ ಇಟ್ಟು ಹೊಂದಿಸುತ್ತೇನೆ. ಝಡ್ ಸ್ಟೆಪ್ಸ್ (ಒಂದು ಮಿ.ಮೀ.ಗೆ ಮೋಟಾರು ಇಡುವ ಹೆಜ್ಜೆಗಳ ಸಂಖ್ಯೆ) ಹೆಚ್ಚಿಸಿದೆ. ಇಡೀ ಬರಹ ಆಳವಾಯಿತೇ ಹೊರತು ವ್ಯತ್ಯಾಸ ಹೋಗಲಿಲ್ಲ. ಎಂಟು ದಿನ ಉಳಿದಿದೆ. ಒಂದು ತೇಗದ ಹಲಗೆ ಆಗಲೇ ಹಾಳಾಗಿದೆ.

ಉತ್ತರ

ಮೊದಲು ಸ್ಟೆಪ್ಸ್ ಸಂಖ್ಯೆಯನ್ನು ಹಿಂದಿದ್ದಂತೆಯೇ ಇಡಿ. ಅದು ತಪ್ಪಿದ್ದರೆ ಎಲ್ಲ ಅಕ್ಷರಗಳೂ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದವು.

60 ಡಿಗ್ರಿ ವಿ-ಬಿಟ್‌ನಲ್ಲಿ ಗೆರೆಯ ಅಗಲ ಆಳದ ಸುಮಾರು 1.15 ಪಟ್ಟು. ಹಾಗಾಗಿ ನಿಮ್ಮ ಅಳತೆಯ ಪ್ರಕಾರ ಆಳದಲ್ಲಿ ಸುಮಾರು 0.35 ಮಿ.ಮೀ. ವ್ಯತ್ಯಾಸವಿದೆ. ಚಪ್ಪಟೆ ಬಿಟ್ ಆಗಿದ್ದರೆ ಇಷ್ಟು ಏರುಪೇರು ಕಣ್ಣಿಗೇ ಬೀಳುತ್ತಿರಲಿಲ್ಲ. ಕನ್ನಡದ ಒತ್ತಕ್ಷರಗಳಲ್ಲಂತೂ ಇದೇ ಅಕ್ಷರವನ್ನು ಕೆಡಿಸಿಬಿಡುತ್ತದೆ.

ತೇಗವನ್ನು ಪಕ್ಕಕ್ಕಿಡಿ. ರದ್ದಿ ಹಲಗೆಯ ಮೇಲೆ ಒಂದೇ ಆಳದ ಗಿಡ್ಡ ಗೆರೆಗಳನ್ನು ಈ ಕ್ರಮದಲ್ಲಿ ಕೆತ್ತಿಸಿ: ಎಡತುದಿ, ಬಲತುದಿ, ನಡುಭಾಗ, ಕೊನೆಗೆ ಮತ್ತೆ ಎಡತುದಿ, ಮೊದಲ ಗೆರೆಯ ಪಕ್ಕದಲ್ಲೇ. ಬರಹವನ್ನು ಯಂತ್ರ ಎಡದಿಂದ ಬಲಕ್ಕೆ ಕೆತ್ತುವುದರಿಂದ, ತಪ್ಪು ಜಾಗದ್ದೋ ಹೊತ್ತು ಕಳೆದಂತೆ ಹುಟ್ಟುವುದೋ ಎಂದು ಫಲಕ ನೋಡಿ ಹೇಳಲಾಗದು. ಎಡತುದಿಯ ಎರಡು ಗೆರೆಗಳು ಬೇರೆಬೇರೆಯಾಗಿದ್ದರೆ ಝಡ್ ಜಾರುತ್ತಿದೆ. ಆಗ ಮೋಟಾರಿಗೂ ಲೀಡ್ ಸ್ಕ್ರೂಗೂ (ಬಿಟ್ಟನ್ನು ಏರಿಸಿಳಿಸುವ ತಿರುಪಿನ ಕಂಬಿ) ನಡುವಿನ ಕಪ್ಲರ್‌ನ ಗ್ರಬ್ ಸ್ಕ್ರೂಗಳನ್ನು ಅಲೆನ್ ಕೀಯಿಂದ ಬಿಗಿಮಾಡಿ, ಬಿಟ್ಟನ್ನು ಹಿಡಿಯುವ ಕಾಲೆಟ್‌ನಲ್ಲಿ ಅದು ಜಾರುತ್ತಿದೆಯೇ ನೋಡಿ, ಝಡ್ ವೇಗ ತಗ್ಗಿಸಿ.

ಎರಡೂ ಒಂದೇ ಆಗಿದ್ದರೆ ಹಲಗೆಯನ್ನು 180 ಡಿಗ್ರಿ ತಿರುಗಿಸಿ, ಎಡದಲ್ಲೇ ಸೊನ್ನೆ ಹೊಂದಿಸಿ ಮತ್ತೆ ಕೆತ್ತಿಸಿ. ತಪ್ಪು ಹಲಗೆಯೊಂದಿಗೆ ತಿರುಗಿದರೆ ಹಲಗೆ ಸೊಟ್ಟಗಿದೆ. ಬಲದಲ್ಲೇ ಉಳಿದರೆ ಹಲಗೆ ಕೂರುವ ಹಾಸೋ ಯಂತ್ರದ ಚೌಕಟ್ಟೋ ಓರೆಯಾಗಿದೆ.

ಪ್ರಶ್ನೆ ಕೇಳಿದವರು

ಸರ್, ಎಡತುದಿಯ ಎರಡು ಗೆರೆಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಲಗೆ ತಿರುಗಿಸಿದರೂ ಬಲಗಡೆಯೇ ತೆಳು. ಹಾಸಿನ ಮೇಲಿನ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬಿಚ್ಚಿ ದಪ್ಪ ಅಳೆದೆ: ಬಲತುದಿ 12.0, ಎಡತುದಿ 12.4 ಮಿ.ಮೀ.! ಎಡ ಅಂಚು ಬೆರಳಿಗೆ ಒರಟಾಗಿ, ನೆನೆದು ಒಣಗಿದ ರಟ್ಟಿನಂತೆ ಪದರ ಬಿಟ್ಟಿದೆ. ಅದು ಬಾಲ್ಕನಿಯ ಕಂಬಿಯ ಕಡೆಯ ಬದಿ. ಮಳೆಯ ಎರಚಲು ಅಲ್ಲಿಗೇ ಬೀಳುತ್ತದೆ.

ಉತ್ತರ

ಸಿಕ್ಕಿತು. ಎಂಡಿಎಫ್ ನೀರು ಕುಡಿದರೆ ಉಬ್ಬುತ್ತದೆ, ಒಣಗಿದ ಮೇಲೂ ಪೂರ್ತಿ ಇಳಿಯುವುದಿಲ್ಲ. ನೀವು ಸೊನ್ನೆ ಹೊಂದಿಸಿದ್ದು ಉಬ್ಬಿದ ಮೂಲೆಯಲ್ಲಿ, ಆದ್ದರಿಂದ ಬಲಕ್ಕೆ ಹೋದಂತೆ ಮರ ಬಿಟ್‌ನಿಂದ ತಗ್ಗಿಗೆ ಸರಿಯಿತು.

ಹೊಸ ಎಂಡಿಎಫ್ ಹಾಕಿ. ಸ್ಕ್ರೂಗಳ ತಲೆ ಕನಿಷ್ಠ 3 ಮಿ.ಮೀ. ಒಳಗೆ ಕೂರಲಿ. ಆಮೇಲೆ ಚಪ್ಪಟೆ ಬಿಟ್ ಹಾಕಿ ಯಂತ್ರದಿಂದಲೇ ಅದರ ಮೈಯನ್ನು 0.2 ಮಿ.ಮೀ.ನಷ್ಟು ಹೆರೆಸಿ, ಬಿಟ್ ತಾಗದ ಜಾಗ ಉಳಿದಿದ್ದರೆ ಇನ್ನೊಮ್ಮೆ. ಹಾಸು ಹೊರಗಿನ ಯಾವ ಮಟ್ಟಕ್ಕೂ ಸಮನಾಗಿರಬೇಕಿಲ್ಲ, ಬಿಟ್ ಓಡುವ ದಾರಿಗೆ ಸಮನಾಗಿದ್ದರೆ ಸಾಕು. ಫಲಕವನ್ನು ಹೆರೆದ ಜಾಗದೊಳಗೇ ಕೂರಿಸಿ. ಹೆರೆಯದ ಅಂಚಿನ ಮೇಲೆ ಏರಿದರೆ ಮತ್ತೆ ಓರೆಯಾಗುತ್ತದೆ. ಮಾಸ್ಕ್ ಹಾಕದೆ ಹೆರೆಯಬೇಡಿ, ಎಂಡಿಎಫ್ ಧೂಳು ತೀರಾ ನುಣುಪು, ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ.

ಕ್ಯಾಂಡಲ್‌ನಲ್ಲಿ ಹೈಟ್ ಮ್ಯಾಪ್ ಸೌಲಭ್ಯವೂ ಇದೆ: ಬಿಟ್ ಮೈಗೆ ತಾಗಿ ವಿದ್ಯುತ್ ಹರಿದಾಗ ಅಲ್ಲಿನ ಎತ್ತರ ಗುರುತಿಸಿಕೊಂಡು, ಅದಕ್ಕೆ ತಕ್ಕಂತೆ ಆಳ ಸರಿಪಡಿಸುತ್ತದೆ. ತಾಮ್ರದ ಪಿಸಿಬಿಗೆ (ಸರ್ಕ್ಯೂಟ್ ಹಲಗೆ) ಅದು ಚೆನ್ನಾಗಿ ಒದಗುತ್ತದೆ. ಮರದಲ್ಲಿ ವಿದ್ಯುತ್ ಹರಿಯದು, ಪ್ರತಿ ಬಿಂದುವಿನಲ್ಲೂ ಲೋಹದ ತಗಡು ಇಡಬೇಕಾಗುತ್ತದೆ. ನಿಮಗೆ ಅದು ಬೇಡ.

ಪ್ರಶ್ನೆ ಕೇಳಿದವರು

ಹಾಸು ಹೆರೆದಾಯಿತು. ಯಂತ್ರವನ್ನು ಒಳಕೋಣೆಗೆ ತಂದಿದ್ದೇನೆ. ರದ್ದಿ ಹಲಗೆಯಲ್ಲಿ ‘ಶ್ರೀ’ಯ ಗೆರೆ 1.15, ‘ಯ’ದ್ದು 1.1. ನಾಳೆ ಬೆಳಿಗ್ಗೆ ತೇಗ ಏರಿಸುತ್ತೇನೆ, ಸರ್.

ಉತ್ತರ

ಎರಡು ತುದಿಗಳಲ್ಲಿ ಮಾತ್ರ ಕ್ಲಾಂಪ್ ಬಿಗಿಯಬೇಡಿ, ನಡುಭಾಗ ಮೇಲೆ ಬಾಗುತ್ತದೆ. ಕೆಳಗೆ ಎರಡು ಬದಿಯ ಅಂಟುಪಟ್ಟಿ ಹಚ್ಚಿ ಒತ್ತಿ ಕೂರಿಸಿ. ಫಲಕದ ಫೋಟೊ ಹಾಕಿ.