'ಶಾರ್ಸ್ ಕೌಂಟರ್‌ಅಟ್ಯಾಕ್' ನೋಡುವ ಮೊದಲು ಏನೇನು ನೋಡಿರಬೇಕು? ನೋಡಿದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ 14 ವರ್ಷ. ಅವನ ಚಿಕ್ಕಪ್ಪ ನ್ಯೂ ಗಂಡಮ್ ರೋಬೋನ ಪ್ಲಾಸ್ಟಿಕ್ ಕಿಟ್ ತಂದುಕೊಟ್ಟಿದ್ದರು. ಮೂರು ಭಾನುವಾರ ಕೂತು ಒಬ್ಬನೇ ಜೋಡಿಸಿದ. ಈಗ ಅದು ಬರುವ ಸಿನಿಮಾ ನೋಡಬೇಕಂತೆ, ನಾನೂ ಜೊತೆಗೆ ಕೂರಬೇಕಂತೆ. 1988ರ ಜಪಾನಿ ಆನಿಮೇಷನ್ ಸಿನಿಮಾ 'ಮೊಬೈಲ್ ಸೂಟ್ ಗಂಡಮ್: ಶಾರ್ಸ್ ಕೌಂಟರ್‌ಅಟ್ಯಾಕ್'. ಮೊನ್ನೆ ನಾನೊಬ್ಬನೇ ಮೊದಲ ಹತ್ತು ನಿಮಿಷ ಹಾಕಿ ನೋಡಿದೆ. ಯಾರು ಯಾರ ಕಡೆ ಅಂತಲೇ ಗೊತ್ತಾಗಲಿಲ್ಲ. ಎಲ್ಲರೂ ಮೊದಲೇ ಪರಿಚಯ ಇರುವವರ ಹಾಗೆ ಮಾತಾಡುತ್ತಾರೆ. ಇದಕ್ಕೂ ಮುಂಚೆ ಏನು ನೋಡಿರಬೇಕು? ಈ ವಯಸ್ಸಿನ ಹುಡುಗನ ಜೊತೆ ನೋಡಬಹುದಾ?

ಉತ್ತರ 1

ಸರ್, ನಾನೂ ಕಾಲೇಜಿನಲ್ಲಿದ್ದಾಗ ಮೊದಲು ಇದಕ್ಕೇ ಕೈ ಹಾಕಿ ಅರ್ಧಕ್ಕೆ ನಿಲ್ಲಿಸಿದ್ದೆ. ತಪ್ಪು ನಿಮ್ಮದಲ್ಲ. ಇದು ಒಂಬತ್ತು ವರ್ಷ ನಡೆದ ಕಥೆಯ ಕೊನೆ.

ಮೂಲ ಟಿವಿ ಸರಣಿ ಜಪಾನಿನಲ್ಲಿ 1979ರಲ್ಲಿ ಶುರುವಾಯಿತು. ನಿರ್ದೇಶಕರು ಯೋಶಿಯುಕಿ ತೊಮಿನೊ. ಈ ಸಿನಿಮಾವೂ ಅವರದೇ. ಆಗ ಜಾಸ್ತಿ ಜನ ನೋಡಲಿಲ್ಲ ಅಂತ 52 ಕಂತು ಆಗಬೇಕಿದ್ದದ್ದನ್ನು 43ಕ್ಕೆ ಮುಗಿಸಿಬಿಟ್ಟರು. ಆಮೇಲೆ ಮರುಪ್ರಸಾರದಲ್ಲಿ, ನಿಮ್ಮ ಮಗ ಜೋಡಿಸಿದಂಥ ಕಿಟ್‌ಗಳಿಂದ ಅದಕ್ಕೆ ಜನ ಸೇರಿದರು. ಕೊನೆಗೆ 1981 ಮತ್ತು 82ರಲ್ಲಿ ಆ ಕಂತುಗಳನ್ನೇ ಕತ್ತರಿಸಿ, ಹೊಸದಾಗಿಯೂ ಬರೆದು ಸೇರಿಸಿ, ಮೂರು ಸಿನಿಮಾ ಮಾಡಿದರು. ನಿಮಗೆ ಬೇಕಾಗಿರುವುದು ಆ ಮೂರು. ಒಂದೊಂದೂ ಎರಡು ಗಂಟೆಗಿಂತ ಜಾಸ್ತಿ ಇದೆ. ಮೂರು ಶನಿವಾರ ರಾತ್ರಿ ಇಟ್ಟುಕೊಳ್ಳಿ. ನಾಲ್ಕನೇ ಶನಿವಾರ ಇದನ್ನು ಹಾಕಿ.

ನಡುವೆ 'ಝೀಟಾ ಗಂಡಮ್' (1985, 50 ಕಂತು) ಮತ್ತು 'ಡಬಲ್ ಝೀಟಾ' (1986, 47 ಕಂತು) ಇವೆ. ಮಗನಿಗೆ ರಜೆ ಇದ್ದರೆ ನೋಡಲಿ. ನೀವು ನೋಡದಿದ್ದರೂ ಪರವಾಗಿಲ್ಲ, ಇಷ್ಟು ಗೊತ್ತಿದ್ದರೆ ಸಾಕು: ಆ ಮೂರು ಸಿನಿಮಾದ ಯುದ್ಧದಲ್ಲಿ ಶತ್ರುಗಳಾಗಿದ್ದ ಅಮುರೊ (ಗಂಡಮ್ ಓಡಿಸುವವನು) ಮತ್ತು ಅವನ ಎದುರಾಳಿ ಶಾರ್ ಝೀಟಾದಲ್ಲಿ ಒಂದೇ ಕಡೆ ನಿಂತು ಹೋರಾಡುತ್ತಾರೆ. ಶಾರ್ ಅಲ್ಲಿ ಬೇರೆ ಹೆಸರಿಟ್ಟುಕೊಂಡಿರುತ್ತಾನೆ. ಆ ಯುದ್ಧದ ಕೊನೆಗೆ ಕಾಣೆಯಾಗುತ್ತಾನೆ. ಈ ಸಿನಿಮಾದಲ್ಲಿ ವಾಪಸ್ ಬಂದಿದ್ದಾನೆ, ಭೂಮಿಯ ಮೇಲೆ ಆಕ್ಸಿಸ್ ಎಂಬ ಕ್ಷುದ್ರಗ್ರಹವನ್ನೇ ಬೀಳಿಸಲು. ಭೂಮಿ ವಾಸಕ್ಕೆ ಆಗದ ಹಾಗೆ ಮಾಡಿದರೆ ಎಲ್ಲರೂ ಬಾಹ್ಯಾಕಾಶಕ್ಕೆ ಬಂದೇ ಬರಬೇಕು ಎಂಬುದು ಅವನ ಲೆಕ್ಕ.

ನೀವು ನೋಡಿದ ಆ ಹತ್ತು ನಿಮಿಷದ ಗಲಾಟೆ ಇದೇ. ಆಕ್ಸಿಸ್‌ಗಿಂತ ಮೊದಲು ಫಿಫ್ತ್ ಲೂನಾ ಎಂಬ ಇನ್ನೊಂದು ಬಂಡೆಯನ್ನು ಅವನು ಟಿಬೆಟಿನ ಲ್ಹಾಸಾ ಮೇಲೆ ಬೀಳಿಸುತ್ತಾನೆ. ಭೂ ಒಕ್ಕೂಟದ, ಅಂದರೆ ಕಥೆಯಲ್ಲಿ ಭೂಮಿಯನ್ನು ಆಳುವ ಸರ್ಕಾರದ, ಮುಖ್ಯ ಕಚೇರಿ ಅಲ್ಲಿರುತ್ತದೆ.

ಇನ್ನೊಂದು ಮಾತು. ಆ ರೋಬೋ ಹೆಸರಿನ 'ನ್ಯೂ' ಅಂದರೆ ಹೊಸದು ಅಂತ ಅಲ್ಲ, ಗ್ರೀಕ್ ಅಕ್ಷರ. ಮಗನಿಗೆ ಹೇಳಿ, ಖುಷಿಪಡುತ್ತಾನೆ.

ಉತ್ತರ 2

ಮೇಲೆ ಹೇಳಿದವರ ಮಾತು ಒಪ್ಪುತ್ತೇನೆ, ಆದರೆ ಝೀಟಾ ಬಿಡಬಹುದು ಅಂದದ್ದು ಮಾತ್ರ ನನಗೆ ಸರಿ ಅನಿಸಲಿಲ್ಲ. ಶಾರ್ ಒಬ್ಬ ಒಳ್ಳೆಯ ನಾಯಕ ಆಗಬಹುದಿತ್ತು ಎಂಬುದು ಅಲ್ಲಿ ಕಾಣುತ್ತದೆ. ಅದನ್ನು ನೋಡಿದ್ದರಿಂದಲೇ ಈ ಸಿನಿಮಾದಲ್ಲಿ ಅವನನ್ನು ನೋಡಿ ನನಗೆ ಅಷ್ಟು ಸಂಕಟ ಆಯಿತು.

ನಮ್ಮವರು ಗಮನಿಸಬೇಕಾದ ಒಂದು ವಿಷಯ ಇದೆ. ಅಮುರೊ, ಶಾರ್ ಇಬ್ಬರ ಜಗಳದ ಬುಡದಲ್ಲಿರುವವಳು ಲಾಲಾ ಎಂಬ ಭಾರತೀಯ ಹುಡುಗಿ. ಕಪ್ಪು ಬಣ್ಣ, ಹಣೆಯಲ್ಲಿ ಬೊಟ್ಟು, ಹಳದಿ ಉಡುಪು. 1982ರ ಮೂರನೇ ಭಾಗದಲ್ಲಿ ಅವಳಿಗೆ ಏನಾಯಿತು ಅಂತ ಇಲ್ಲಿ ಹೇಳುವುದಿಲ್ಲ, ನೀವೇ ನೋಡಿ. ಅದು ಆಗಿ ಕಥೆಯಲ್ಲಿ 14 ವರ್ಷ ಕಳೆದಿದೆ. ಅಮುರೊಗೆ ಈಗ 29. ಆದರೂ ಕನಸಿನಲ್ಲಿ ಅವಳು ಬರುತ್ತಾಳೆ, ಜೊತೆಗೊಂದು ಬಿಳಿ ಹಂಸ. ಮೂರನೇ ಭಾಗ ನೋಡದವರಿಗೆ ಆ ಹಂಸ ಸುಮ್ನೆ ಒಂದು ಹಕ್ಕಿ. ನೋಡಿದವರಿಗೆ ಗಂಟಲು ಕಟ್ಟುತ್ತದೆ.

ನನಗೆ ಅತಿ ಇಷ್ಟವಾದ ಭಾಗದಲ್ಲಿ ರೋಬೋಗಳೇ ಇಲ್ಲ. ಒಂದು ಬಾಹ್ಯಾಕಾಶ ವಸಾಹತಿನ ಹುಲ್ಲುಗಾವಲಿನಲ್ಲಿ ಶಾರ್ ಕುದುರೆ ಮೇಲೆ ಬರುತ್ತಾನೆ. ಆಕಸ್ಮಿಕವಾಗಿ ಅಮುರೊ ಕಣ್ಣಿಗೆ ಬೀಳುತ್ತಾನೆ. ಅಮುರೊ ನೇರ ಅವನ ಮೇಲೆ ಹಾರುತ್ತಾನೆ. ಇಬ್ಬರೂ ಹುಲ್ಲಿನ ಮೇಲೆ ಉರುಳಾಡಿ, ಬೀದಿ ಹುಡುಗರ ಥರ ಗುದ್ದಾಡುತ್ತಾರೆ. ಗುದ್ದಾಡುತ್ತಲೇ ಮನುಷ್ಯಕುಲದ ಭವಿಷ್ಯದ ಬಗ್ಗೆ ವಾದ ಮಾಡುತ್ತಾರೆ! ಕೈಜಾರಿದ ಪಿಸ್ತೂಲನ್ನು ಕ್ವೆಸ್ ಎಂಬ 13 ವರ್ಷದ ಹುಡುಗಿ ಎತ್ತಿಕೊಂಡು ಅಮುರೊ ಕಡೆಗೆ ಹಿಡಿಯುತ್ತಾಳೆ. ಆಮೇಲೆ ಶಾರ್ ಜೊತೆ ಹೊರಟುಹೋಗುತ್ತಾಳೆ. ಇಡೀ ಯುದ್ಧ ಯಾಕೆ ನಡೆಯುತ್ತಿದೆ ಅಂತ ನನಗೆ ಆ ಎರಡು ನಿಮಿಷದಲ್ಲೇ ಅರ್ಥವಾಯಿತು. ಹಳೆಯ ನೋವು ಬಿಡಲಾಗದ ಇಬ್ಬರು ಗಂಡಸರು. ಭೂಮಿ, ಆಕ್ಸಿಸ್ ಎಲ್ಲ ಅದರ ಮೇಲೆ ಕಟ್ಟಿದ್ದು.

ಉತ್ತರ 3

ಮಗನ ಜೊತೆ ನೋಡಬಹುದಾ ಅಂತ ಕೇಳಿದ್ದೀರಿ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಹೇಳುತ್ತೇನೆ. ನಮ್ಮ ಯಜಮಾನರು 22 ವರ್ಷ ಸೈನ್ಯದಲ್ಲಿದ್ದರು. ಮಡಿಕೇರಿಯಲ್ಲಿ ನಾನು, ಮಕ್ಕಳು. ದೊಡ್ಡವನಿಗೆ ಇದರ ಹುಚ್ಚು, ಅವನ ಜೊತೆ ಕೂತು ನೋಡಿದ್ದು.

ಸಿನಿಮಾದ ಶುರುವಿನಲ್ಲಿ ಹ್ಯಾಥವೇ ಎಂಬ ಹುಡುಗ ಬರುತ್ತಾನೆ. ಅವನಿಗೂ 13. ಅವನ ಅಪ್ಪ ಬ್ರೈಟ್ ಯುದ್ಧನೌಕೆಯ ಕಪ್ತಾನ, ಮನೆಯಲ್ಲಿ ಇರುವುದೇ ಇಲ್ಲ. ಭೂಮಿ ಮೇಲೆ ಬಂಡೆ ಬೀಳುತ್ತದೆ ಅಂತ ಗೊತ್ತಾದಾಗ ತಾಯಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೊರಟರೆ ಷಟಲ್‌ನಲ್ಲಿ ಸಿಗುವುದು ಒಂದೇ ಸೀಟು. ಮಗನನ್ನು ಹತ್ತಿಸುತ್ತಾಳೆ. ತಾನು ಮಗಳ ಜೊತೆ ಕೆಳಗೇ ಉಳಿಯುತ್ತಾಳೆ. ಅಳುವುದಿಲ್ಲ, ದೊಡ್ಡ ಮಾತೂ ಆಡುವುದಿಲ್ಲ. ನಾನು ಅಲ್ಲೇ ನಿಲ್ಲಿಸು ಅಂದೆ. ಎದ್ದು ಹೋಗಿ ನೀರು ಕುಡಿದು ಬಂದೆ. ಜಮ್ಮುವಿಗೆ ರೈಲು ಹತ್ತಿಸಿದ ದಿನಗಳೆಲ್ಲ ನೆನಪಾದವು.

ರಕ್ತ ಹೆಚ್ಚಿಲ್ಲ. ಆದರೆ ಸಾವು ಬಹಳ ಇದೆ, ಯಾವ ಸೂಚನೆಯೂ ಇಲ್ಲದೆ ಬರುತ್ತದೆ. ಈಗಷ್ಟೇ ಮಾತಾಡುತ್ತಿದ್ದವರು ಮುಂದಿನ ಕ್ಷಣ ಇರುವುದಿಲ್ಲ. ನಿಮ್ಮ ಮಗನ ವಯಸ್ಸಿನ ಇಬ್ಬರು ಮಕ್ಕಳು ಯುದ್ಧದೊಳಗೆ ಸಿಕ್ಕಿಕೊಳ್ಳುತ್ತಾರೆ. ಅವರ ಕೈಯಿಂದಲೂ ಆಗಬಾರದ್ದು ಆಗುತ್ತದೆ. ಅವನು ಒಬ್ಬನೇ ನೋಡುವುದು ಬೇಡ. ನೀವು ಪಕ್ಕದಲ್ಲಿ ಇರಿ. ಮುಗಿದ ಮೇಲೆ ತಕ್ಷಣ ಎದ್ದು ಹೋಗಬೇಡಿ, ಮಾತಾಡಿ. ನನ್ನ ಮಗ ಅವತ್ತು ರಾತ್ರಿ ಮೊದಲ ಸಲ ಅವರಪ್ಪನನ್ನು ಕೇಳಿದ, "ಅಲ್ಲಿ ಭಯ ಆಗುತ್ತಿತ್ತಾ ಅಪ್ಪಾ?" ಅಂತ. ಅವರು ಸುಮಾರು ಹೊತ್ತು ಮಾತಾಡಿದರು. ನನ್ನ ಹತ್ತಿರವೂ ಹೇಳದ ವಿಷಯಗಳನ್ನು ಹೇಳಿದರು.

ಉತ್ತರ 4

ಅಮ್ಮಾ, ನಿಮ್ಮ ಉತ್ತರ ಓದಿ ನಾನು ಆ ಷಟಲ್ ದೃಶ್ಯವನ್ನು ಮತ್ತೆ ಹಾಕಿ ನೋಡಿದೆ. ಧನ್ಯವಾದ.

ಸಿನಿಮಾದ ಕುಂದನ್ನೂ ಹೇಳಬೇಕು. ಎರಡು ಗಂಟೆಯಲ್ಲಿ ತುಂಬಾ ತುರುಕಿದ್ದಾರೆ. ಕ್ವೆಸ್ ಯಾಕೆ ಹಾಗೆ ಆಡುತ್ತಾಳೆ ಅಂತ ಅರ್ಥವಾಗುವಷ್ಟು ಸಮಯ ಕೊಟ್ಟಿಲ್ಲ, ಬಹಳ ಜನಕ್ಕೆ ಅವಳ ಮೇಲೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ಎರಡನೇ ಸಲ ನೋಡಿದಾಗ ಅವಳ ಅಪ್ಪನನ್ನು ಗಮನಿಸಿದೆ. ಒಕ್ಕೂಟದ ದೊಡ್ಡ ಅಧಿಕಾರಿ. ಶಾರ್‌ನಿಂದ ಚಿನ್ನ ತೆಗೆದುಕೊಂಡು ಆಕ್ಸಿಸ್ ಮಾರಿಬಿಡುತ್ತಾನೆ, ಅದನ್ನು ಶಾರ್ ಯಾಕೆ ಕೊಳ್ಳುತ್ತಿದ್ದಾನೆ ಅಂತ ಯೋಚಿಸುವುದೂ ಇಲ್ಲ. ಅಂಥ ಮನೆಯ ಹುಡುಗಿ ಇನ್ನೊಬ್ಬ ಅಪ್ಪನನ್ನು ಹುಡುಕಿಕೊಂಡು ಹೋದರೆ ಆಶ್ಚರ್ಯ ಇಲ್ಲ.

ಚಿತ್ರ ಬಿಡಿಸಿದ ರೀತಿಗೇ ಇದನ್ನು ದೊಡ್ಡ ಪರದೆಯಲ್ಲಿ ನೋಡಬೇಕು. ಒಂದು ಕಡೆ ತಿರುಗುವ ವಸಾಹತಿನ ಕೆಲವೇ ಸೆಕೆಂಡಿನ ಕಂಪ್ಯೂಟರ್ ಚಿತ್ರ ಬಿಟ್ಟರೆ ಉಳಿದದ್ದೆಲ್ಲ ಕೈಯಲ್ಲಿ ಬರೆದದ್ದು. ಹೋರಾಟದ ನಡುವೆ ಗಂಡಮ್ ಬಲೂನ್ ಬಿಡುತ್ತದೆ, ಗಮನಿಸಿ. ತನ್ನದೇ ಆಕಾರದ ಬಲೂನ್ ಉಬ್ಬಿಸಿ ಶತ್ರುವಿನ ಗುರಿ ತಪ್ಪಿಸುತ್ತದೆ. ಮತ್ತೆ ಕಿಟ್ಟಿನಲ್ಲಿ ಬೆನ್ನಿನ ಒಂದೇ ಬದಿಗೆ ಆರು ಬಿಳಿ ರೆಕ್ಕೆ ತುಂಡು ಬರುತ್ತವಲ್ಲ, ಅದರ ಭಾರಕ್ಕೆ ನಿಮ್ಮ ಮನೆಯದೂ ವಾಲುತ್ತಿರಬೇಕು, ಅಲ್ವಾ? ಸಿನಿಮಾದಲ್ಲಿ ಅವು ಬೆನ್ನಿನಿಂದ ಕಳಚಿ ಹಾರಿ ತಾವೇ ಗುಂಡು ಹಾರಿಸುತ್ತವೆ. ಒಮ್ಮೆ ಪಿರಮಿಡ್ ಆಕಾರಕ್ಕೆ ನಿಂತು ಗಂಡಮ್‌ನ ಸುತ್ತ ಬೆಳಕಿನ ಗೋಡೆ ಕಟ್ಟುತ್ತವೆ. ಕೈಯಾರೆ ಜೋಡಿಸಿದ ಹುಡುಗ ಅದನ್ನು ನೋಡುವಾಗ ಅವನ ಮುಖ ನೋಡಿ ಸರ್.

ಜಪಾನಿ ಧ್ವನಿಯಲ್ಲೇ ಹಾಕಿ, ಕೆಳಗೆ ಸಬ್‌ಟೈಟಲ್ ಇರಲಿ. ಅಮುರೊಗೆ ತೋರು ಫುರುಯಾ, ಶಾರ್‌ಗೆ ಶುಇಚಿ ಇಕೆದಾ, 1979ರಿಂದಲೂ ಅವರದೇ ಧ್ವನಿ. ಮೂರು ಸಿನಿಮಾ ನೋಡಿ ಇದಕ್ಕೆ ಬಂದರೆ ಆ ಎರಡು ಧ್ವನಿಗೆ ವಯಸ್ಸಾಗಿರುವುದು ಕಿವಿಗೇ ಗೊತ್ತಾಗುತ್ತದೆ.

ಉತ್ತರ 5

ಕೊನೆಯ ಇಪ್ಪತ್ತು ನಿಮಿಷ ಫೋನ್ ದೂರ ಇಡಿ. ಕೊನೆಗೆ ಬರುವ ಟಿಎಂ ನೆಟ್‌ವರ್ಕ್ ತಂಡದ ಹಾಡು ಪೂರ್ತಿ ಮುಗಿಯಲಿ, ಮೊದಲೇ ಆಫ್ ಮಾಡಬೇಡಿ. ಹ್ಯಾಥವೇ ಮುಂದೆ ಏನಾದ ಅಂತ ಮಗ ಕೇಳಿದರೆ 2021ರ 'ಹ್ಯಾಥವೇ' ಸಿನಿಮಾ ಇದೆ. ಆದರೆ ಅದಕ್ಕೆ ಇನ್ನೊಂದೆರಡು ವರ್ಷ ಕಾಯಿರಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೇ 1981ರ ಮೊದಲ ಭಾಗ ನಿನ್ನೆ ರಾತ್ರಿ ನೋಡಿದೆವು. ಹೌದು, ನಮ್ಮ ಮನೆಯ ಗಂಡಮ್ ವಾಲುತ್ತದೆ. ಹಿಂದೆ ಬೆಂಕಿಪೊಟ್ಟಣ ಒತ್ತುಕೊಟ್ಟು ನಿಲ್ಲಿಸಿದ್ದಾನೆ.

ಅಮುರೊ ಊರಿಗೆ ಹೋಗಿ ಅಮ್ಮನನ್ನು ನೋಡುವ ಭಾಗ ಬಂತು. ಹುಡುಕಿಕೊಂಡು ಬಂದ ಶತ್ರು ಸೈನಿಕನಿಗೆ ಅವನು ಅಮ್ಮನ ಕಣ್ಣೆದುರೇ ಗುಂಡು ಹಾರಿಸುತ್ತಾನೆ. ಅವಳು ಹೆದರಿ ಬೈಯುತ್ತಾಳೆ. ಮಗ ಅಲ್ಲಿ ಸಿನಿಮಾ ನಿಲ್ಲಿಸಿ, "ಅಮ್ಮನನ್ನು ಕಾಪಾಡಿದ್ದು ತಾನೇ ಅಪ್ಪ, ಮತ್ತೆ ಯಾಕೆ ಬೈತಾರೆ?" ಅಂದ. ನಾನು ಏನೋ ಹೇಳಲು ಹೊರಟೆ, ಮಾತು ಬರಲಿಲ್ಲ. ನನ್ನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಯಾವಾಗ ಬಂದು ನಿಂತಿದ್ದಳೋ ಗೊತ್ತಿಲ್ಲ. "ನನ್ನ ಮಗ ಹಾಗೆ ಮಾಡಿದರೆ ನಾನೂ ಬೈತೀನಿ" ಅಂದಳು. ಬಂದು ಅವನ ಪಕ್ಕ ಕೂತಳು. ಮುಂದಿನ ಶನಿವಾರ ಎರಡನೇ ಭಾಗ, ಮೂವರೂ ನೋಡುತ್ತೇವೆ.